ಪದಚರ್ಚೆ: ಆನ್‌ಲೈನ್ ಅರ್ಜಿ ‘ಹಾಕೋದು’ ಯಾವಾಗ? ಪ್ರಿಂಟಿಗೆ ‘ನಕಲು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ನಮ್ಮ ಭಾವನವರದ್ದು ತುಪ್ಪದ ವ್ಯಾಪಾರ. ಸ್ವಲ್ಪ ಸರಕು ಹೊರದೇಶಕ್ಕೂ ಹೋಗುತ್ತದೆ. ಅದಕ್ಕೆ ಇಐಸಿ, ಅಂದರೆ ಕೇಂದ್ರದ ರಫ್ತು ತಪಾಸಣಾ ಮಂಡಳಿಯ ಕಡೆಯಿಂದ ಹೆಲ್ತ್ ಸರ್ಟಿಫಿಕೇಟ್, ಅಂದರೆ ಸರಕು ತಿನ್ನಲು ಯೋಗ್ಯ ಅನ್ನುವ ಪತ್ರ, ಬೇಕು. ಮೊದಲು ಅರ್ಜಿ, ಇನ್ವಾಯ್ಸು, ಲ್ಯಾಬ್ ರಿಪೋರ್ಟು ಎಲ್ಲ ಪಿನ್ ಹೊಡೆದು ಕೊಟ್ಟು ಬರುತ್ತಿದ್ದರು. ಈಗ ಎಲ್ಲ ಆನ್‌ಲೈನ್. ಡಿಸ್ಪ್ಯಾಚಿನಲ್ಲಿರುವ ಇಬ್ಬರು ಹುಡುಗರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಕನ್ನಡದಲ್ಲಿ ಒಂದು ಪುಟ ಬರೆದುಕೊಡು ಅಂದರು. ಸುಮ್ನೆ ಒಪ್ಪಿಕೊಂಡೆ.

ಮೊದಲ ಎಡವಟ್ಟು ‘ಹಾಕು’. “ಮೊದಲು ಅರ್ಜಿ ಹಾಕಿ, ಆಮೇಲೆ ಲಾರಿಗೆ ಹೇಳಿ” ಅಂತ ಬರೆದಿದ್ದೆ. ಹುಡುಗ ಎಲ್ಲ ತುಂಬಿದ, ತುಪ್ಪದ ಕಸ್ಟಮ್ಸ್ ಟ್ಯಾರಿಫ್ ನಂಬರು 0405 90 20 ಅಂತಲೂ ಸರಿಯಾಗಿ ಹೊಡೆದ, ಸೇವ್ ಮಾಡಿದ. ಹಾಕಿದೆಯೇನಪ್ಪ ಅಂದರೆ “ಹಾಕಿದೀನಿ ಸಾರ್”. ಎರಡು ದಿನ ಬಿಟ್ಟು ನೋಡಿದರೆ ಅದು ಡ್ರಾಫ್ಟಿನಲ್ಲೇ ಕೂತಿದೆ! ಅವನದ್ದು ತಪ್ಪು ಅನ್ನಲಾರೆ. ಕಾಗದ ಇದ್ದಾಗ ಹಾಕೋದು ಅಂದರೆ ಕೌಂಟರಿನಲ್ಲಿ ಕೊಟ್ಟು ಬರೋದು, ತುಂಬೋದು ಬೇರೆ ಹಾಕೋದು ಬೇರೆ ಅಂತ ಕಾಲಿಗೇ ಗೊತ್ತಾಗುತ್ತಿತ್ತು. ‘ಸಲ್ಲಿಸು’ ಅಂತ ತಿದ್ದಿದೆ, ಅದೂ ಅವನಿಗೆ ಹಾಕೋದೇ. ‘ಕರಡು’ ಅಂದರೆ ಏನು ಸಾರ್ ಅಂದ. ಕೊನೆಗೆ ಅವನೇ ಹೇಳಿದ್ದು: “ಸೇವ್ ಆಗಿದೆ, ಹೋಗಿಲ್ಲ.” ಈಗ ಪುಟದಲ್ಲಿ ‘ಅರ್ಜಿ ಹೋಯಿತಾ ನೋಡಿ’ ಅಂತಿದೆ. ಅಂದಹಾಗೆ ‘ರಫ್ತು’ ಅನ್ನೋದೇ ಪಾರಸಿಯಲ್ಲಿ ‘ಹೋಯಿತು’, ‘ಆಮದು’ ಅಂದರೆ ‘ಬಂತು’. ಹುಡುಗ ಗೊತ್ತಿಲ್ಲದೆ ಸರಿಯಾದ ಕಡೆಗೇ ಬಂದ, ಅಲ್ವಾ?

ಎರಡನೆಯದು ಇದಕ್ಕಿಂತ ಕಷ್ಟ. “ಪ್ರಮಾಣಪತ್ರದ ಮೂರು ನಕಲು ತೆಗೆದು ಫೈಲಿಗೆ ಹಾಕಿ” ಅಂತ ಬರೆದಿದ್ದೆ. ಇನ್ನೊಬ್ಬ ಹುಡುಗ ಓದಿ ನಕ್ಕ. “ಸಾರ್, ತುಪ್ಪದ ಫೈಲಿನ ಮೇಲೆ ನಕಲು ಅಂತ ಬರೀತೀರಾ?” ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ‘ದೃಢೀಕೃತ ನಕಲು’ ಅಂದರೆ ಮರ್ಯಾದಸ್ಥ ಪದ. ಪರೀಕ್ಷೆ ಹಾಲಿನಲ್ಲಿ ನಕಲು ಅಂದರೆ ಕಾಪಿ ಹೊಡೆಯೋದು. ಒಂದು ಗುಡಿಸು ಬಿದ್ದು ‘ನಕಲಿ’ ಆದರೆ ಮುಗಿಯಿತು, ಅದೂ ನಕಲಿ ತುಪ್ಪದ ಸುದ್ದಿ ಇಷ್ಟು ಬರುವಾಗ. ‘ಡೂಪ್ಲಿಕೇಟ್’ ಅಂದರೂ ಅದೇ ಗತಿ.

‘ಪ್ರತಿ’ ವಾಸಿ ಅನ್ನಿಸುತ್ತದೆ. ಆದರೆ ಪ್ರತಿ ಅಂದ ಕೂಡಲೇ ಮೂಲ ಎಲ್ಲಿ ಅಂತ ಕೇಳುತ್ತಾರೆ. ಮೂಲ ಕಂಪ್ಯೂಟರಿನಲ್ಲಿದೆ, ಕೈಯಲ್ಲಿರೋದೆಲ್ಲ ಪ್ರಿಂಟು. ನನಗೆ ನೆನಪಾಗಿದ್ದು ಪಹಣಿ. ಜಮೀನಿನ ದಾಖಲೆ ಕಂಪ್ಯೂಟರಿನಲ್ಲಿಡುವ ಸರ್ಕಾರದ ‘ಭೂಮಿ’ ವ್ಯವಸ್ಥೆ ಬಂದ ಮೇಲೆ ಹಳ್ಳಿಯಲ್ಲಿ ಯಾರೂ ಪಹಣಿಯ ನಕಲು ತಂದೆ ಅನ್ನೋಲ್ಲ. “ಪಹಣಿ ತೆಗೆಸಿದೆ” ಅಂತಾರೆ. ಹತ್ತು ಸಲ ತೆಗೆಸಿದರೂ ಹತ್ತೂ ಪಹಣಿಯೇ. ಹಾಗೇ ‘ಮೂರು ಸರ್ಟಿಫಿಕೇಟ್ ತೆಗೆಸಿ’ ಅಂದರೆ? ಭಾವನವರು ಬೇಡ ಅಂತಾರೆ, ಒಂದೇ ಲೋಡಿಗೆ ಮೂರು ಸಲ ಅರ್ಜಿ ಹಾಕಿಬಿಟ್ಟಾರು ಅಂತ ಅವರಿಗೆ ಭಯ.

ಇನ್ನು ‘ಆರೋಗ್ಯ ಪ್ರಮಾಣಪತ್ರ’ ಅಂದರೆ ಆರೋಗ್ಯ ಯಾರದ್ದು, ಹಸುವಿನದ್ದಾ, ತುಪ್ಪದ್ದಾ, ಡ್ರೈವರಿನದ್ದಾ ಅಂತ ಕೇಳಿದರು. ಅದನ್ನು ಹೆಲ್ತ್ ಸರ್ಟಿಫಿಕೇಟ್ ಅಂತಲೇ ಬಿಟ್ಟೆ.

ಬ್ಯಾಂಕಿನಲ್ಲೋ ತಾಲ್ಲೂಕು ಕಚೇರಿಯಲ್ಲೋ ಕೆಲಸ ಮಾಡುವವರು ಇದ್ದರೆ ಹೇಳಿ: ಆನ್‌ಲೈನ್ ದಾಖಲೆಯ ಪ್ರಿಂಟಿಗೆ ನಿಮ್ಮಲ್ಲಿ ಬಾಯಿಮಾತಲ್ಲಿ ಏನಂತಾರೆ? ನಿಘಂಟಿನ ಪದ ಬೇಡ.