ವಸತಿರಹಿತ, ನಿರಾಶ್ರಿತ: ಬೀದಿಯಲ್ಲಿ ಮಲಗುವವರಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಬೆಂಗಳೂರಿನ ಒಂದು ರಾತ್ರಿ ತಂಗುವ ಕೇಂದ್ರಕ್ಕೆ ಕರಪತ್ರ ಬರೆದುಕೊಟ್ಟೆ. ಸರ್ಕಾರಿ ಕಾಗದದಲ್ಲಿ ಇರುವಂತೆಯೇ 'ನಗರ ವಸತಿರಹಿತರಿಗೆ ಆಶ್ರಯ' ಎಂದು ತಲೆಬರಹ ಹಾಕಿದ್ದೆ. ಕೆ.ಆರ್. ಮಾರ್ಕೆಟ್ ಹತ್ತಿರ ಹಂಚುವಾಗ ಮೂಟೆ ಹೊರುವವರೊಬ್ಬರು ಅದನ್ನು ಎರಡು ಸಲ ಓದಿದರು. ಆಮೇಲೆ ಮಡಚಿ ವಾಪಸ್ ಕೊಟ್ಟರು. "ನಂಗೆ ರೇಷನ್ ಕಾರ್ಡ್ ಇಲ್ಲ ಸಾರ್, ಮನೆ ಸ್ಯಾಂಕ್ಷನ್ ಆಗಲ್ಲ" ಅಂದರು. ಅವರು ಮಲಗುವುದು ಅಲ್ಲೇ, ಮುಚ್ಚಿದ ಅಂಗಡಿಯ ಮುಂದೆ. ನಾನು ಬರೆದ ಪದವೇ ಅವರನ್ನು ದಾರಿ ತಪ್ಪಿಸಿತು.

ನಮ್ಮಲ್ಲಿ ವಸತಿರಹಿತ ಅಂದರೆ ಸ್ವಂತ ಮನೆ ಇಲ್ಲದವರು. ಬಾಡಿಗೆ ಮನೆಯಲ್ಲಿ ಇರುವವರೂ ಇದರಲ್ಲಿ ಬರುತ್ತಾರೆ. ಪಂಚಾಯ್ತಿ ಪಟ್ಟಿಯಲ್ಲಿ ನಿವೇಶನರಹಿತರ ಜೊತೆಗೇ ಈ ಪದ ಇರುತ್ತದೆ. ಇನ್ನು ಆಶ್ರಯ ಅಂದರೆ ಆಶ್ರಯ ಮನೆ, ಆಶ್ರಯ ಬಡಾವಣೆ. ಎರಡೂ ಒಟ್ಟಿಗೆ ಕಂಡರೆ ಯಾರಾದರೂ ಮನೆ ಯೋಜನೆ ಅಂದುಕೊಳ್ಳುತ್ತಾರೆ, ಅಲ್ವಾ?

ಜನಗಣತಿಯವರ ಲೆಕ್ಕ ಬೇರೆ. ಫುಟ್‌ಪಾತ್, ಫ್ಲೈಓವರ್ ಕೆಳಗೆ, ಹ್ಯೂಮ್ ಪೈಪಿನೊಳಗೆ, ರೈಲ್ವೆ ಪ್ಲಾಟ್‌ಫಾರಂ ಮೇಲೆ ಇರುವವರನ್ನು ಅವರು ಎಣಿಸುತ್ತಾರೆ. 2011ರಲ್ಲಿ ದೇಶದಲ್ಲಿ ಇಂಥವರು ಸುಮಾರು 17.7 ಲಕ್ಷ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಅನುದಾನ ಇಟ್ಟಿದ್ದು ಇವರಿಗೇ. ಊರಿನ ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ, ತಲೆಗೆ 50 ಚದರ ಅಡಿ. ಕಟ್ಟಡಕ್ಕಷ್ಟೇ ಅಲ್ಲ, ಐದು ವರ್ಷ ನಡೆಸುವ ಖರ್ಚಿಗೂ ದುಡ್ಡು. ಯಾರಿಗೆ ಇಟ್ಟ ದುಡ್ಡೋ ಅವರಿಗೇ ಅದು ತಮ್ಮದು ಅಂತ ತಿಳಿಯದಿದ್ದರೆ ಹೇಗೆ?

'ನಿರಾಶ್ರಿತ' ಇನ್ನೂ ಕಷ್ಟ. ಬೈಲಕುಪ್ಪೆ ಕಡೆ ಈ ಪದಕ್ಕೆ ಟಿಬೆಟಿನವರು ನೆನಪಾಗುತ್ತಾರೆ. ಬೆಂಗಳೂರಿನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ನೆನಪಾಗುತ್ತದೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇಡುವ ಜಾಗ. ಅದಕ್ಕೆ ದುಡ್ಡು ಬರುವುದೂ ಬೇರೆ ಕಡೆಯಿಂದ, ಆಸ್ತಿ ತೆರಿಗೆ ಮೇಲೆ ಹಾಕುವ ಶೇ. 3 ಸೆಸ್ಸಿನಿಂದ. ದಿನವಿಡೀ ಮೂಟೆ ಹೊತ್ತು ದುಡಿಯುವವರನ್ನು ಆ ಪದದಿಂದ ಕರೆಯಲು ನನಗೆ ಮನಸ್ಸಿಲ್ಲ.

ಕರಪತ್ರವನ್ನೇನೋ ತಿದ್ದಿದೆ: 'ರಾತ್ರಿ ಮಲಗಲು ಜಾಗ ಇದೆ, ಕಾರ್ಡ್ ಬೇಡ.' ಆದರೆ ಅನುದಾನದ ಅರ್ಜಿಯಲ್ಲಿ, ಕೇಂದ್ರದ ಬೋರ್ಡಿನಲ್ಲಿ ಈ ಜನರಿಗೊಂದು ಹೆಸರು ಬೇಕೇ ಬೇಕು. 'ಸೂರಿಲ್ಲದವರು' ನನಗೆ ಇಷ್ಟ. ಆದರೆ 'ಸರ್ವರಿಗೂ ಸೂರು' ಅಂತ ಅದೂ ಮನೆ ಯೋಜನೆಗೆ ಹೋಗಿಬಿಟ್ಟಿದೆ. 'ಬೀದಿವಾಸಿ' ಅಂದರೆ ಅವಮಾನ ಅನ್ನಿಸುತ್ತದಾ?

ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಮಲಗುವವರು ತಮ್ಮನ್ನು ತಾವು ಏನೆಂದು ಹೇಳಿಕೊಳ್ಳುತ್ತಾರೆ?