ಪ್ರಧಾನಿಯ ‘ಸ್ಟೇಟ್‌ಮೆಂಟ್’: ಹೇಳಿಕೆಯೋ ಘೋಷಣೆಯೋ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಸಪ್ತಾಪುರ, ಧಾರವಾಡ:

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ವಾಚನಾಲಯದಲ್ಲಿ ಪ್ರಧಾನಮಂತ್ರಿಗಳ ಮಾತುಗಳ ಸಣ್ಣ ಪ್ರದರ್ಶನ ಇಟ್ಟಿದ್ದೇವೆ. ಆರು ಫ್ಲೆಕ್ಸ್. ಹುಬ್ಬಳ್ಳಿಯ ಅಂಗಡಿಯವರು ನಾಳೆ ಹತ್ತಕ್ಕೆ ಅಚ್ಚಿಗೆ ಹಾಕುತ್ತಾರೆ, ಆಮೇಲೆ ಒಂದಕ್ಷರ ತಿದ್ದಿದರೂ ಮತ್ತೆ ರೊಕ್ಕ. ಮೂಲ ಬರಹ ಇಂಗ್ಲಿಷಿನಲ್ಲಿದೆ. ಮೂರು ಶಬ್ದ ನನ್ನನ್ನು ಕಾಡುತ್ತಿವೆ.

‘ಸ್ಟೇಟ್‌ಮೆಂಟ್’ಗೆ ಆರರಲ್ಲೂ ‘ಹೇಳಿಕೆ’ ಹಾಕಿದ್ದೆ. ಜೊತೆಯವರು ‘ಘೋಷಣೆ’ ಅಂದರೆ ತೂಕ ಬರುತ್ತದೆ ಎನ್ನುತ್ತಾರೆ. ಎರಡು ಗೋಡೆಗೆ ಎರಡು ತಲೆಬರಹ: ‘ಡೊಮೆಸ್ಟಿಕ್ ಪಾಲಿಸಿ’, ‘ಫಾರಿನ್ ಅಫೇರ್ಸ್’. ಫ್ಲೆಕ್ಸ್‌ಗಳು ಇವು: ಶಾಸ್ತ್ರಿಯವರ ‘ಜೈ ಜವಾನ್ ಜೈ ಕಿಸಾನ್’ (1965), ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ (26 ಜೂನ್ 1975), ವಿ.ಪಿ. ಸಿಂಗ್ ಸಂಸತ್ತಿನಲ್ಲಿ ಮಂಡಲ್ ವರದಿಯ ಮೀಸಲಾತಿ ಬಗ್ಗೆ (7 ಆಗಸ್ಟ್ 1990), ದೇವೇಗೌಡರ ಗಂಗಾ ಒಪ್ಪಂದ (12 ಡಿಸೆಂಬರ್ 1996), ವಾಜಪೇಯಿ ಪೋಖರಣ್ (11 ಮೇ 1998), ಮೋದಿ ನೋಟು ರದ್ದು (8 ನವೆಂಬರ್ 2016).

ಗದಗ:

ಒಳನೀತಿ, ಹೊರನೀತಿ. ಮುಗೀತು. ಸಂಸ್ಕೃತದ ಮೂಟೆ ಹೊತ್ತು ಓಡಾಡುವ ಚಟ ಇನ್ನಾದರೂ ಬಿಡಿ.

ವಿದ್ಯಾನಗರ, ಹುಬ್ಬಳ್ಳಿ:

ಎರಡೂ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ಶಬ್ದ. ನಡೆಯುವುದಿಲ್ಲ.

ಗದಗ:

ಕಟ್ಟಾಜ್ಞೆ ಬರೆಯುವುದಿಲ್ಲವೇ ನೀವು? ಅದೂ ಅರಿಸಮಾಸವೇ. ಹಿಂದಿನ ಕವಿಗಳ ಬಳಕೆ ಇದ್ದರೆ ಹಳೆಯ ವ್ಯಾಕರಣಕಾರ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ.

ವಿದ್ಯಾನಗರ:

ಹಿಂದಿನ ಕವಿಗಳಿಗೆ ಬಿಟ್ಟುಕೊಟ್ಟಿದ್ದಾನೆ, ಫ್ಲೆಕ್ಸ್ ಬರೆಯುವವರಿಗಲ್ಲ.

ಹಾವೇರಿ:

ಸಪ್ತಾಪುರದ ಅಕ್ಕಾರ, ಸಮಾಸದ ಜಗಳ ಅವರಿಗೇ ಇರಲಿ. ನಿಮ್ಮ ಮೊದಲ ಪ್ರಶ್ನೆಗೆ ಯಾರೂ ಕೈಯೇ ಹಚ್ಚಿಲ್ಲ, ನಾನು ಅದನ್ನೇ ಹಿಡಿಯುತ್ತೇನೆ. ಮೂವತ್ತು ವರ್ಷ ಕೋರ್ಟಿನಲ್ಲಿ ಭಾಷಾಂತರ ಮಾಡಿದವನು, ‘ಹೇಳಿಕೆ’ ನನ್ನ ಅನ್ನದ ಶಬ್ದ.

‘ಘೋಷಣೆ’ಯನ್ನು ಆರಕ್ಕೂ ದಯವಿಟ್ಟು ಹಾಕಬೇಡಿ. ‘ಜೈ ಜವಾನ್ ಜೈ ಕಿಸಾನ್’ ಘೋಷಣೆ ಹೌದು, ಮಂದಿ ಕೂಗುವಂಥದ್ದು. ಅದರ ಪಕ್ಕದಲ್ಲೇ 1975ರ ಫ್ಲೆಕ್ಸಿಗೂ ‘ಘೋಷಣೆ’ ಬಂದರೆ ಓದುವವನಿಗೆ ಎರಡು ಅರ್ಥ ಒಂದರ ಮೇಲೊಂದು ಬೀಳುತ್ತವೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ತುರ್ತು ಪರಿಸ್ಥಿತಿ ಘೋಷಿಸಿದ್ದು ಪ್ರಧಾನಿ ಅಲ್ಲ, 352ನೇ ವಿಧಿಯಡಿ ರಾಷ್ಟ್ರಪತಿ. ಇಂದಿರಾ ಅವರು ಮರುದಿನ ಬೆಳಿಗ್ಗೆ ಆಕಾಶವಾಣಿಯಲ್ಲಿ ಆಡಿದ ಮೊದಲ ಮಾತೇ ರಾಷ್ಟ್ರಪತಿಗಳು ಘೋಷಿಸಿದ್ದಾರೆ ಎಂಬುದು. ಅವರು ಮಾಡಿದ್ದು ತಿಳಿಸುವ ಕೆಲಸ. ಸಲಹೆ ಕೊಟ್ಟವರು ಅವರೇ, ಅದು ಇತಿಹಾಸ. ಆದರೆ ಕ್ರಿಯಾಪದ ಯಾರದು ಎಂಬುದನ್ನು ಕೆಡಿಸಬಾರದು. ಅಲ್ಲಿ ‘ಭಾಷಣ’ ಅನ್ನಿ, ಇಲ್ಲವೇ ‘ಆಕಾಶವಾಣಿ ಮಾತು’ ಅನ್ನಿ.

ವಿ.ಪಿ. ಸಿಂಗ್ ಅವರದು ‘ಪ್ರಕಟಿಸಿದರು’. ಆದೇಶ ಹೊರಟಿದ್ದು ಆಗಸ್ಟ್ 13ಕ್ಕೆ. ಏಳಕ್ಕೆ ‘ಜಾರಿ ಮಾಡಿದರು’ ಎಂದು ಬರೆದೀರಿ, ಜೋಕೆ. ನೋಟಿನದೂ ಹಾಗೆಯೇ: ರಾತ್ರಿ ಎಂಟಕ್ಕೆ ದೂರದರ್ಶನದಲ್ಲಿ ಪ್ರಕಟಿಸಿದ್ದು, 500 ಮತ್ತು 1000ದ ನೋಟಿಗೆ ಬೆಲೆ ಹೋದದ್ದು ನಡುರಾತ್ರಿಯಿಂದ. ಅಪ್ಪಟ ‘ಹೇಳಿಕೆ’ ಅಂದರೆ ವಾಜಪೇಯಿಯವರದು. ಇಂದು 15.45ಕ್ಕೆ ಭಾರತ ಪೋಖರಣ್‌ನಲ್ಲಿ ಮೂರು ಭೂಗತ ಅಣ್ವಸ್ತ್ರ ಪರೀಕ್ಷೆ ನಡೆಸಿತು ಎಂದು ಗಂಟೆ, ಜಾಗ, ಎಣಿಕೆ ಎಲ್ಲ ಹೇಳಿ ನಿಲ್ಲಿಸಿದ ಮಾತು ಅದು. ಸಾಕ್ಷಿ ಹೇಳಿದ ಹಾಗಿದೆ.

ನಮ್ಮ ಕಡೆ ‘ಲಗ್ನದ ಹೇಳಿಕಿ ಬಂತು’ ಅಂತೀವಿ, ಕರೆಯ ಅರ್ಥದಲ್ಲಿ. ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಮಾತು ನುಡಿಯುತ್ತಾನೆ. ಮುಂದಾಗುವುದರ ಬಗ್ಗೆ ದೇವರ ನುಡಿ ಎಂದು ನಂಬುವ ಅದನ್ನು ಕಾರಣಿಕ ಅಂತಾರ, ಹೇಳಿಕೆ ಅನ್ನೋದಿಲ್ಲ. ಕಾರಣಿಕಕ್ಕೆ ಅರ್ಥ ಹಚ್ಚುವವರು ಕೇಳಿದವರು: ಮಳೆ ಅಂದವರಿಗೆ ಮಳೆ, ರಾಜಕೀಯ ಅಂದವರಿಗೆ ರಾಜಕೀಯ. ಹೇಳಿಕೆಗೆ ಹಾಗಲ್ಲ, ಹೇಳಿದವನೇ ಹೊಣೆ. ಕೋರ್ಟಿನಲ್ಲಿ ಹೇಳಿಕೆ ಕೊಟ್ಟವನು ಪಾಟೀಸವಾಲಿಗೆ ನಿಲ್ಲಬೇಕು. ಪ್ರಧಾನಿ ಸದನದಲ್ಲಿ ಹೇಳಿಕೆ ಕೊಟ್ಟರೆ ಮರುಪ್ರಶ್ನೆ ಬರುತ್ತದೆ, ಬರಬೇಕು. ಇಷ್ಟು ತೂಕದ ಶಬ್ದವನ್ನು ಹಗುರ ಅಂತ ತೆಗೆದಿಡುವುದು ನನಗೆ ಸಂಕಟ.

ಮಾಳಮಡ್ಡಿ, ಧಾರವಾಡ:

‘ಫಾರಿನ್ ಅಫೇರ್ಸ್’ಗೆ ಪರರಾಷ್ಟ್ರ ವ್ಯವಹಾರ ಅಂತ ಬರೀರಿ. ನಮ್ಮ ಅಜ್ಜಾ ಕಡೀತನಾ ಪ್ರಧಾನಿಗೆ ಪಂತಪ್ರಧಾನ, ವಿದೇಶಾಂಗ ಮಂತ್ರಿಗೆ ಪರರಾಷ್ಟ್ರಮಂತ್ರಿ ಅಂತಿದ್ರು.

ಗದಗ:

ಮರಾಠಿ ಎಂಜಲು. 1890ರಲ್ಲಿ ಧಾರವಾಡದಲ್ಲಿ ಕನ್ನಡಕ್ಕಾಗಿ ವಿದ್ಯಾವರ್ಧಕ ಸಂಘ ಕಟ್ಟಿದ್ದು ಇದನ್ನೇ ತೊಳೆಯಲಿಕ್ಕೆ. ಹಳೆಯ ಶಬ್ದವೇ ಬೇಕೆಂದರೆ ನಮ್ಮ ಮನೆಯಲ್ಲಿಲ್ಲವೇ? ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಮಹಾಸಂಧಿವಿಗ್ರಹಿ ಎಂಬ ಅಧಿಕಾರಿ ಇದ್ದಾನೆ. ಸಂಧಿ ಅಂದರೆ ಒಪ್ಪಂದ, ವಿಗ್ರಹ ಅಂದರೆ ಯುದ್ಧ. ಹೊರದೇಶದ ವ್ಯವಹಾರ ಪೂರ್ತಿ ಎರಡೇ ಶಬ್ದದಲ್ಲಿ ಬಂತು. ‘ಸಂಧಿವಿಗ್ರಹ’ ಎಂದು ಗೋಡೆಯ ಮೇಲೆ ಬರೆಯಿರಿ, ಎದೆ ತಟ್ಟಿ ಬರೆಯಿರಿ.

ವಿದ್ಯಾನಗರ:

ಸಂಸ್ಕೃತದ ಮೂಟೆ ಬೇಡ ಅಂದವರು ನೀವೇ. ಸಂಧಿ ಯಾವ ಭಾಷೆ, ವಿಗ್ರಹ ಯಾವ ಭಾಷೆ? ಇವತ್ತಿನ ಓದುಗನಿಗೆ ವಿಗ್ರಹ ಅಂದರೆ ಗುಡಿಯ ಮೂರ್ತಿ.

ಮಾಳಮಡ್ಡಿ:

ಗದಗಿನವರಿಗೆ ಒಂದ ಮಾತು. ಎಂಜಲಾ ಅನಬ್ಯಾಡ್ರಿ. ನೀವು ದಿನಾ ಅನ್ನೂ ಸರಕಾರ, ಜಾರಿ, ಮಂಜೂರು, ರದ್ದು ಎಲ್ಲಾ ಪಾರಸಿ, ಅರಬ್ಬಿ ಕಡಿಂದ ಬಂದಾವ. ಶಿವಾಜಿ ಮಹಾರಾಜರೂ ಪಾರಸಿ ಹೆಸರು ತಗದು ಸಂಸ್ಕೃತ ಹಚ್ಚಿದ್ರು, ಹೊರರಾಜ್ಯದ ವ್ಯವಹಾರ ನೋಡೂ ಮಂತ್ರಿ ಡಬೀರ ಹೋಗಿ ಸುಮಂತ ಬಂದ. ಖರೆ, ‘ವಕೀಲ’ ಉಳೀತು. ಪೇಶವೆಯವರ ಕಾಲಕ್ಕ ವಕೀಲ ಅಂದ್ರ ರಾಯಭಾರಿ. ಶಬ್ದ ಬರತಾವ, ಕೆಲಸ ಬದಲು ಮಾಡಿಕೊಂಡು ಇರತಾವ. ನಮ್ಮ ಅಜ್ಜಾನ ಬಾಯಾಗಿನ ಮಾತು ಕನ್ನಡ ಅಲ್ಲಂತ ಹೇಳಲಿಕ್ಕೆ ನೀವ್ಯಾರ್ರಿ?

ಹಾವೇರಿ:

ಹಿರಿಯರು ಹೇಳಿದ್ದು ಸರಿ, ಅದು ಕನ್ನಡವೇ. ಆದರೆ ಇವತ್ತು ಪತ್ರಿಕೆ ಓದುವ ಹುಡುಗನಿಗೆ ನಿಂತದ್ದು ‘ವಿದೇಶಾಂಗ’. ಶಾಸಕಾಂಗ, ನ್ಯಾಯಾಂಗಗಳ ಅಚ್ಚಿನಲ್ಲಿ ಬಂದದ್ದು. ಅದನ್ನೇ ಇಡಿ. ‘ವಿದೇಶಿ ನೀತಿ’ ಮಾತ್ರ ಬೇಡ, ಅದು ಪರದೇಶದಿಂದ ತರಿಸಿದ ನೀತಿ ಆಗುತ್ತದೆ. ‘ಹೊರನಾಡು’ ಬೇಡವೇ ಬೇಡ, ಅದು ಮುಂಬೈ ಕನ್ನಡಿಗರಿಗೆ ಮೀಸಲಾದ ಶಬ್ದ.

ಕಷ್ಟ ಇರುವುದು ‘ಡೊಮೆಸ್ಟಿಕ್’ದು. ಗೃಹನೀತಿ ಅಂದರೆ ಮನೆ ಕಟ್ಟಿಸಿಕೊಡುವ ಯೋಜನೆ. ಒಳಾಡಳಿತ ಅಂದರೆ ನಮ್ಮ ರಾಜ್ಯದಲ್ಲಿ ಪೊಲೀಸ್ ಇಲಾಖೆ. ಒಳನಾಡು ಅಂದರೆ ಮೀನುಗಾರಿಕೆ ನೆನಪಾಗುತ್ತದೆ, ಕೆರೆಯ ಮೀನು. ‘ಆಂತರಿಕ’ ಎಲ್ಲರೂ ಬರೆಯುತ್ತಾರೆ, ನನಗೆ ಹಿಡಿಸುವುದಿಲ್ಲ. ಆಂತರಿಕ ಭದ್ರತೆ, ಆಂತರಿಕ ಕ್ಷೋಭೆ ಎಂದು ಆ ಶಬ್ದ 1975ರಲ್ಲಿ ಲಾಠಿಯ ಜೊತೆ ಓಡಾಡಿದೆ. ಮೀಸಲಾತಿ, ನೋಟು, ಕಾಳಿನ ಬೆಲೆ ಇದರಡಿ ಕೂಡುವುದಿಲ್ಲ. ‘ದೇಶದೊಳಗಿನ ನೀತಿ’ ಎಂದು ಬಿಡಿಸಿ ಬರೆಯಿರಿ. ಸಮಾಸವೇ ಇಲ್ಲ, ಜಗಳವೂ ಇಲ್ಲ.

ಸಪ್ತಾಪುರ:

ಎಲ್ಲರಿಗೂ ಶರಣು. ಹಾವೇರಿಯ ಕಾಕಾ ಅವರು ಹೇಳಿದಂತೆ ತಿದ್ದಿದ್ದೇನೆ. ಈಗ ಗಂಗಾ ಫ್ಲೆಕ್ಸ್ ಯಾವ ಗೋಡೆಗೆ? ದೆಹಲಿಯಲ್ಲಿ ದೇವೇಗೌಡರು, ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಸಹಿ ಹಾಕಿದ್ದು, ಆದ್ದರಿಂದ ವಿದೇಶಾಂಗ. ಆದರೆ ಫರಕ್ಕಾ ಬ್ಯಾರೇಜಿನಲ್ಲಿ ಹಂಚುವುದು ನೀರು. ಜನವರಿಯಿಂದ ಮೇವರೆಗೆ ಹತ್ತತ್ತು ದಿನದ ಲೆಕ್ಕ, ಹರಿವು 70,000 ಕ್ಯೂಸೆಕ್ಸ್ ಅಥವಾ ಕಡಿಮೆಯಾದರೆ ಸಮಪಾಲು. ನರಗುಂದ, ನವಲಗುಂದದಿಂದ ಬರುವವರು ಇದನ್ನು ನೋಡಿ ಮಹದಾಯಿ ನದಿಯಲ್ಲಿ ಕರ್ನಾಟಕದ ಪಾಲಿನ 13.42 ಟಿಎಂಸಿಯನ್ನೇ ನೆನೆಯುತ್ತಾರೆ. ಅದು ದೇಶದೊಳಗಿನದು.

ಗದಗ:

ನೀರಿಗೆ ‘ಒಪ್ಪಂದ’ ಸರಿ. ಒಡಂಬಡಿಕೆ ಹಾಕಬೇಡಿ, ಬೈಬಲ್ ನೆನಪಾಗುತ್ತದೆ. ಮಾಳಮಡ್ಡಿಯ ಹಿರಿಯರಿಗೆ: ಎಂಜಲು ಎಂಬ ಮಾತು ಹಿಂದೆ ತೆಗೆದುಕೊಂಡೆ. ಸಂಧಿವಿಗ್ರಹ ಬಿಡುವುದಿಲ್ಲ.

ಸಪ್ತಾಪುರ:

ಒಪ್ಪಂದವೇ ಇಟ್ಟಿದ್ದೇನೆ. ಗಂಗಾ ಫ್ಲೆಕ್ಸನ್ನು ಎರಡು ಗೋಡೆ ಕೂಡುವ ಮೂಲೆಗೆ ನಿಲ್ಲಿಸುತ್ತೇವೆ. ಫೈಲು ಅಂಗಡಿಗೆ ಹೋಯಿತು.