ಹಿಡಿಂಬನ ಹಲ್ಲು ಮತ್ತು ನಮ್ಮ ಮಕ್ಕಳ ಗೇಮು

ನಮಸ್ಕಾರ ಎಲ್ಲರಿಗೂ. "ಮಗ ಮೂರು ಹೊತ್ತೂ ಡ್ರ್ಯಾಗನ್ನು, ಮಾಂತ್ರಿಕರು ಅಂತ ಕೂತಿರ್ತಾನೆ, ನಮ್ಮ ಕಥೆ ಶುರು ಮಾಡಿದ್ರೆ ಎದ್ದು ಹೋಗ್ತಾನೆ" ಅಂತ ದಾವಣಗೆರೆಯ ಅಕ್ಕ ಒಬ್ಬರು ನಿನ್ನೆ ಇಲ್ಲಿ ಬರೆದಿದ್ದರು. ಗೇಮ್ ಕಿತ್ತಿಡಿ, ಪುರಾಣ ಓದಿಸಿ ಅಂತ ಬಹಳ ಜನ ಉತ್ತರ ಕೊಟ್ಟಿದ್ದೀರಿ. ನನ್ನ ಅಭಿಪ್ರಾಯ ಬೇರೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ನಾನು ಚಿತ್ರದುರ್ಗದವಳು, ನಮ್ಮ ಮನೆಯವರು ದಾವಣಗೆರೆಯವರು. ಈಗ ಇರೋದು ಬ್ರಸೆಲ್ಸ್‌ನಲ್ಲಿ. ಇಲ್ಲಿ ಮನೆಗಳ ಪಕ್ಕದ ಗೋಡೆ ಮೇಲೆಲ್ಲ ಕಾಮಿಕ್ಸ್ ಪಾತ್ರಗಳನ್ನು ಆಳೆತ್ತರಕ್ಕೂ ಮಿಗಿಲಾಗಿ ಬರೆದಿರ್ತಾರೆ, ತಲೆ ನರೆತವರೂ ಕಾಮಿಕ್ಸ್ ಕೊಂಡು ಓದ್ತಾರೆ. ಹಾಗಾಗಿ "ಅದೆಲ್ಲ ಮಕ್ಕಳಾಟ, ಬಿಡು" ಅನ್ನೋ ಮಾತು ನನ್ನ ಮಗನ ಹತ್ತಿರ ನಡೆಯೋದಿಲ್ಲ.

ಹೋದ ಜುಲೈನಲ್ಲಿ ಊರಿಗೆ ಹೋದಾಗ ಅಣ್ಣನ ಮಕ್ಕಳ ಜೊತೆ ಅವನನ್ನೂ ಕೋಟೆ ಹತ್ತಿಸಿದೆವು. ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬಾಸುರನದು ಅಂತ ಇಟ್ಟಿರೋ ಹಲ್ಲಿನ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಭೀಮ ಅವನನ್ನು ಕೊಂದಿದ್ದು ಇದೇ ಬೆಟ್ಟದಲ್ಲಿ ಅಂತ ನಮ್ಮೂರಿನ ನಂಬಿಕೆ. ಮಗ ಕಥೆ ಕೇಳಿ, "ಬಾಸ್ ಸತ್ತ ಮೇಲೆ ಬಿದ್ದ ಲೂಟಾ ಇದು?" ಅಂದ. ಗೇಮಿನಲ್ಲಿ ದೊಡ್ಡ ವೈರಿಗೆ ಬಾಸ್ ಅಂತಾರೆ, ಅವನನ್ನು ಕೊಂದಾಗ ಸಿಗೋ ಬಹುಮಾನಕ್ಕೆ ಲೂಟ್ ಅಂತಾರೆ. ಅಣ್ಣ ಕಣ್ಣು ಬಿಟ್ಟ. ನನಗೆ ನಗು ತಡೆಯೋಕಾಗಲಿಲ್ಲ, ಯಾಕೆಂದರೆ ಹುಡುಗ ಸರಿಯಾಗೇ ಹಿಡಿದಿದ್ದ.

ಯೋಚನೆ ಮಾಡಿ. ಮಹಾಭಾರತದಲ್ಲಿ ನಮ್ಮ ದುರ್ಗದ ಹೆಸರಿಲ್ಲ. ಯಾವುದೋ ಕಾಲದಲ್ಲಿ ಇಲ್ಲಿನವರೇ ಭೀಮನನ್ನು ಕರೆತಂದು ತಮ್ಮ ಬಂಡೆಗಳ ಮಧ್ಯೆ ನಿಲ್ಲಿಸಿ, ರಾಕ್ಷಸನ ಜೊತೆ ಕಾದಾಡಿಸಿ, ಪುರಾವೆಗೆ ಒಂದು ಹಲ್ಲನ್ನೂ ಇಟ್ಟುಕೊಂಡರು. ಗೇಮ್ ಕಟ್ಟೋರು ಕಥೆಗೊಂದು ಲೋಕ ಕಟ್ಟೋದನ್ನು ವರ್ಲ್ಡ್ ಬಿಲ್ಡಿಂಗ್ ಅಂತ ದೊಡ್ಡದಾಗಿ ಹೇಳ್ತಾರಲ್ಲ, ಆ ಕೆಲಸವನ್ನು ನಮ್ಮ ಹಿರೀಕರು ಯಾರನ್ನೂ ಕೇಳದೆ ಮಾಡಿ ಮುಗಿಸಿದ್ದರು. ಹಿರಿಯೂರು, ಚಳ್ಳಕೆರೆ ಕಡೆ ಕಾಡುಗೊಲ್ಲರು ಗಣೆ ಅನ್ನೋ ಕೊಳಲು ಊದಿಕೊಂಡು ಜುಂಜಪ್ಪನ ಕಥೆ ಹಾಡ್ತಾರೆ. ಅಲ್ಲೂ ದನ ಕಾಯೋ ವೀರ ಓಡಾಡೋದು ಅವರು ನಿತ್ಯ ನೋಡೋ ಬಯಲಲ್ಲೇ. ಕಥೆ ಅವರ ಕೈಯಲ್ಲಿತ್ತು, ಬೇಕಾದಂತೆ ತಿರುವಿಕೊಂಡರು. ನಾವು ಅದನ್ನೇ ಮಕ್ಕಳಿಗೆ ಕೊಡುವಾಗ ಮುಗಿಸಿ, ಗಂಟು ಕಟ್ಟಿ, ಬಾಲಕ್ಕೊಂದು ನೀತಿ ಅಂಟಿಸಿ ಕೊಡ್ತೀವಿ. ಅವರು ಎದ್ದು ಹೋಗದೆ ಇನ್ನೇನು ಮಾಡ್ತಾರೆ?

ವಿದೇಶಿ ಫ್ಯಾಂಟಸಿ ಬಿಟ್ಟು ಅಮರ ಚಿತ್ರ ಕಥೆ ಕೊಡಿಸಿ ಅಂತ ಒಬ್ಬರು ಬರೆದಿದ್ದೀರಿ. ಧಾರಾಳವಾಗಿ ಕೊಡಿಸಿ, ನನ್ನ ಕಪಾಟಿನಲ್ಲೂ ಇವೆ. ಆದರೆ ಆ ಸರಣಿಯ ಮೊದಲ ಹತ್ತು ಪುಸ್ತಕ ಪಾಶ್ಚಾತ್ಯ ಕಿನ್ನರ ಕಥೆಗಳ ಕನ್ನಡ ರೂಪಗಳು. ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರು ಶುರು ಮಾಡಿಸಿದ್ದು. ಸರಣಿಯ ಸಂಪಾದಕ ಅನಂತ್ ಪೈ ಅವರ ಕೃಷ್ಣನ ಕಥೆಗೆ 11ನೇ ಸಂಖ್ಯೆ ಬಿದ್ದಿದ್ದು ಅದಕ್ಕೇ. ನಮ್ಮದು, ಅವರದು ಅಂತ ಬೇಲಿ ಹಾಕೋದು ಅಂದುಕೊಂಡಷ್ಟು ಸುಲಭ ಇಲ್ಲ.

ಇನ್ನು ಗೇಮ್ ಅಂದ್ರೆ ಕೂತಲ್ಲೇ ಕೊಳೆಯೋದು ಅನ್ನೋ ಮಾತು. 1986ರಲ್ಲಿ ಬಂದ ಮೊದಲ ಜೆಲ್ಡಾ ಗೇಮ್ ನೋಡಿ. ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಜಪಾನಿನ ಸೊನೊಬೆ ಅನ್ನೋ ಊರಲ್ಲಿ ಬೆಳೆದವರು. ಹುಡುಗನಾಗಿದ್ದಾಗ ಊರಾಚೆ ಅಲೆದು, ಗುಹೆಯೊಂದನ್ನು ಕಂಡು, ಲಾಂದ್ರ ಹಿಡಿದು ಒಳಗೆ ಹೊಕ್ಕ ಅನುಭವವೇ ಆ ಗೇಮಿನ ಬೇರು ಅಂತ ಅವರೇ ಹೇಳಿಕೊಂಡಿದ್ದಾರೆ. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಟಾರ್ಚ್ ಹಿಡಿದು ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕೋಟೆಯಂತೂ ಹುಟ್ಟಿದ್ದೇ ಗೇಮ್ ಆಗೋಕೆ ಅನ್ನಿಸುತ್ತೆ. ಏಳು ಸುತ್ತು. ಒಂದು ಬಾಗಿಲೂ ಇನ್ನೊಂದರ ನೇರಕ್ಕಿಲ್ಲ; ಆನೆ ಓಡಿಬಂದು ಬಾಗಿಲು ಗುದ್ದೋಕೆ ಜಾಗವೇ ಸಿಗಬಾರದು ಅಂತ ದಾರಿಯನ್ನು ಅಂಕುಡೊಂಕು ಮಾಡಿದ್ದಾರೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತೆ. ಓಬವ್ವ ನಿಂತ ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಬೇಕು. ಒನಕೆ ಹಿಡಿದ ಒಬ್ಬಳೇ ಹೆಂಗಸು ಸೈನಿಕರನ್ನು ತಡೆದಳು ಅನ್ನೋದು ಆ ಜಾಗ ನೋಡಿದ ಮೇಲೇ ಲೆಕ್ಕಕ್ಕೆ ಸಿಗೋದು. ಹುಡುಗರು ಅಲ್ಲೇ ಇದನ್ನೊಂದು ಆಟ ಮಾಡಿಕೊಂಡು, ಅದರ ನಿಯಮಕ್ಕೆ ಜಗಳಕ್ಕೆ ಬಿದ್ದರು: ಒನಕೆಗೆ ಎಷ್ಟು ಶಕ್ತಿ, ಕಹಳೆ ಊದಿದರೆ ಯಾರು ಬರಬೇಕು, ಎರಡನೇ ಸಲ ಸತ್ತರೆ ಯಾವ ಸುತ್ತಿನಿಂದ ಶುರು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಫ್ರೆಂಚಿನಲ್ಲಿ ಉತ್ತರ ಕೊಡೋ ನನ್ನ ಮಗ, "ಏಯ್, ಅದು ಮೋಸ, ನಾನು ಒಪ್ಪಲ್ಲ!" ಅಂತ ದುರ್ಗದ ದನಿಯಲ್ಲೇ ಕೂಗ್ತಿದ್ದ. ಕನ್ನಡ ಕ್ಲಾಸಿನ ಯಾವ ಪಾಠವೂ ಅವನ ಬಾಯಿಂದ ಅಂಥ ಮಾತು ಹೊರಡಿಸಿರಲಿಲ್ಲ.

ಆ ಆಟ ಈಗ ವಾರದ ಕೊನೆಗೆ ವಿಡಿಯೋ ಕರೆಯಲ್ಲಿ ನಡೆಯುತ್ತೆ. ಕಾಗದದ ಮೇಲೆ ಕೋಟೆಯ ನಕ್ಷೆ, ಒಂದು ದಾಳ. ಬಾಗಿಲು ಕಾಯೋರು ನಮ್ಮಮ್ಮ; ಒಗಟು ಬಿಡಿಸದೆ ಒಳಗೆ ಬಿಡಲ್ಲ. ಹೋದ ಸಲ "ಬಿಳಿ ಸಾಮ್ರಾಜ್ಯದಲ್ಲಿ ಕಪ್ಪು ಪ್ರಜೆಗಳು" ಅಂತ ಕೇಳಿದರು. ಸೀತಾಫಲವನ್ನೇ ಬಿಡಿಸಿ ತಿಂದಿರದ ನನ್ನ ಮಗನಿಗೆ ಹೊಳೆಯೋದಾದರೂ ಹೇಗೆ? ಜೋಗಿಮಟ್ಟಿ ಕಡೆಯ ಹಣ್ಣು ತಿಂದು ಬೆಳೆದ ಅಣ್ಣನ ಮಗಳು ತಕ್ಷಣ ಹೇಳಿ, ಬದಲಿಗೆ ಅವನ ಕತ್ತಿ ಕಿತ್ತುಕೊಂಡಳು. ಅಮ್ಮನಿಗೆ ಇದರಲ್ಲಿ ಎಷ್ಟು ಉತ್ಸಾಹ ಅಂದರೆ ಈಗ ಹೊಸ ರಾಕ್ಷಸರನ್ನು ಅವರೇ ಹುಟ್ಟಿಸ್ತಾರೆ. ಒಬ್ಬನಂತೂ ನಮ್ಮ ಹಳೇ ಬಾಡಿಗೆ ಮನೆ ಓನರನ್ನು ಹೋಲ್ತಾನೆ ಅಂತ ನನ್ನ ಗುಮಾನಿ.

ಎಲ್ಲ ಗೇಮೂ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಗುರುತಿಲ್ಲದವರ ಜೊತೆ ಚಾಟ್, ದುಡ್ಡು ಕೊಟ್ಟು ಗೇಮಿನೊಳಗಿನ ಅದೃಷ್ಟದ ಪೆಟ್ಟಿಗೆ (ಲೂಟ್ ಬಾಕ್ಸ್) ತೆರೆಯೋ ಚಟ, ಇವಕ್ಕೆ ನಮ್ಮ ಮನೆಯಲ್ಲೂ ಬೀಗ. ಬೆಲ್ಜಿಯಂನಲ್ಲಿ ದುಡ್ಡಿನ ಲೂಟ್ ಬಾಕ್ಸನ್ನು 2018ರಲ್ಲೇ ಜೂಜಿನ ಕಾನೂನಿಗೆ ಸೇರಿಸಿದ್ದಾರೆ.

ಅಕ್ಕಾ, ಮುಂದಿನ ಸಲ ಊರಿಗೆ ಹೋದಾಗ ದಾವಣಗೆರೆಯಿಂದ ಒಂದು ದಿನ ದುರ್ಗಕ್ಕೆ ಬನ್ನಿ. ಬೆಳಿಗ್ಗೆ ಬೇಗ ಹತ್ತಿ, ಆಮೇಲೆ ಬಂಡೆ ಕಾಯುತ್ತೆ. ಹಲ್ಲು ನೋಡಬೇಕಾದರೆ ಪೂಜಾರಿಗಳು ಇರೋ ಹೊತ್ತು ಮೊದಲೇ ವಿಚಾರಿಸಿ. ಕೈಯಲ್ಲಿ ತಿಂಡಿ ಪೊಟ್ಟಣ ಮಾತ್ರ ಬೇಡ, ಕೋತಿಗಳು ಬಿಡೋದಿಲ್ಲ. ನಕ್ಷೆ ಬೇಕಿದ್ದರೆ ಹೇಳಿ, ಮಕ್ಕಳು ಬರೆದಿರೋದರ ಫೋಟೋ ಕಳಿಸ್ತೀನಿ.